ಬೆಂಗಳೂರಲ್ಲಿ ಮಕ್ಕಳನ್ನು ಕರೆದುಕೊಂಡು ‘ನಿಧಿ ಹುಡುಕಾಟ’ ಆಡಿದವರು ಇದ್ದೀರಾ? ಖರ್ಚು ಎಷ್ಟು ಬರುತ್ತದೆ?

ಇಬ್ಬರ_ಅಪ್ಪ_ವಿಜಯನಗರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಗಳಿಗೆ 11, ಮಗನಿಗೆ 7. ಭಾನುವಾರ ಬಂತೆಂದರೆ ನಮ್ಮ ಮನೆಯಲ್ಲಿ ಒಂದೇ ಕಾರ್ಯಕ್ರಮ, ಮಾಲ್. ಹೋದ ವಾರ ರಾತ್ರಿ ಸುಮ್ನೆ ಕೂತು ಲೆಕ್ಕ ಹಾಕಿದೆ. ಪಾರ್ಕಿಂಗು, ಆಟದ ಕಾರ್ಡಿಗೆ ರೀಚಾರ್ಜು, ನಾಲ್ಕು ಜನಕ್ಕೆ ತಿಂಡಿ, ಆಮೇಲೆ ‘ಅಪ್ಪಾ ಇದೊಂದೇ’ ಅಂತ ತೆಗೆಸಿಕೊಂಡ ಒಂದು ಪ್ಲಾಸ್ಟಿಕ್ ಡೈನೊಸಾರು, ಎಲ್ಲಾ ಸೇರಿ 2,300 ರೂಪಾಯಿ ಹೋಗಿದೆ. ಡೈನೊಸಾರಿನ ಬಾಲ ಮಂಗಳವಾರವೇ ಮುರಿಯಿತು.

ಆಫೀಸಿನಲ್ಲಿ ಜರ್ಮನಿಯಲ್ಲಿ ಎರಡು ವರ್ಷ ಇದ್ದು ಬಂದ ಗೆಳೆಯರೊಬ್ಬರು ಜಿಯೋಕ್ಯಾಶಿಂಗ್ ಅಂತ ಒಂದು ಆಟದ ಬಗ್ಗೆ ಹೇಳಿದರು. ಯಾರೋ ಒಂದು ಡಬ್ಬಿ ಬಚ್ಚಿಟ್ಟಿರುತ್ತಾರೆ, ಫೋನಿನಲ್ಲಿ ಜಾಗದ ಗುರುತು ನೋಡಿಕೊಂಡು ನಾವು ಹೋಗಿ ಹುಡುಕಬೇಕು, ಸಿಕ್ಕರೆ ಒಳಗಿನ ಚೀಟಿಯಲ್ಲಿ ಹೆಸರು ಬರೆದು ಮತ್ತೆ ಅಲ್ಲೇ ಇಡಬೇಕು. ಅಷ್ಟೇ. ಅಲ್ಲಿ ಕಾಡು, ಹಳ್ಳಿ, ಎಲ್ಲಾ ಕಡೆ ಇವೆಯಂತೆ, ಕುಟುಂಬ ಸಮೇತ ಹೋಗುತ್ತಾರಂತೆ.

ಮನೆಗೆ ಬಂದು ಊಟಕ್ಕೆ ಕೂತಾಗ ‘ಈ ಭಾನುವಾರ ನಿಧಿ ಹುಡುಕೋಕೆ ಹೋಗೋಣ’ ಅಂದೆ. ಅತ್ತೆ ತಟ್ಟೆ ಬಿಟ್ಟು ಎದ್ದರು. ಅವರ ಊರಿನ ಕಡೆ ನಿಧಿ ಅಂದರೆ ಅಮಾವಾಸ್ಯೆ ರಾತ್ರಿ, ನಿಂಬೆಹಣ್ಣು, ಹಾರೆ, ಬೆಳಗ್ಗೆ ಪೊಲೀಸು. ಸಮಾಧಾನ ಮಾಡುವಷ್ಟರಲ್ಲಿ ಸಾರು ತಣ್ಣಗಾಗಿತ್ತು.

ಈಗ ನನ್ನ ಪ್ರಶ್ನೆ. ಬೆಂಗಳೂರಲ್ಲಿ ಇದು ನಿಜವಾಗಿಯೂ ಇದೆಯಾ? ಬೇರೆ ಯಂತ್ರ ಕೊಳ್ಳಬೇಕಾ ಅಥವಾ ಫೋನ್ ಸಾಕಾ? ಏಳು ವರ್ಷದವನಿಗೆ ಇದೆಲ್ಲ ಅರ್ಥ ಆಗುತ್ತದಾ? ಸುಮ್ನೆ ಬಿಸಿಲಲ್ಲಿ ಸುತ್ತಿ ಏನೂ ಸಿಗದೆ ವಾಪಸ್ ಬಂದರೆ ಮತ್ತೆ ಮಾಲೇ ಗತಿ. ಗೊತ್ತಿರುವವರು ಹೇಳಿ.

---

ಡಬ್ಬಿ_ಬೇಟೆ:

ಆಡಿದ್ದೇನೆ, ಈಗಲೂ ಆಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಬೆಂಗಳೂರಲ್ಲಿ ಇದೆ. ಆದರೆ ಜರ್ಮನಿಯ ಗೆಳೆಯರು ಹೇಳಿದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಲ್ಲಿ ಬೀದಿಗೊಂದು, ಇಲ್ಲಿ ಬಡಾವಣೆಗೊಂದೂ ಕಷ್ಟ. ಇಟ್ಟವರಲ್ಲಿ ಕೆಲವರು ಊರು ಬಿಟ್ಟಿರುತ್ತಾರೆ. ಕೆಲವು ಡಬ್ಬಿ ರಸ್ತೆ ಅಗಲ ಮಾಡುವಾಗ ಮರದ ಸಮೇತ ಹೋಗಿರುತ್ತವೆ. ಅದಕ್ಕೇ ಹೊರಡುವ ಮೊದಲು ಆ ಡಬ್ಬಿಯ ಪುಟದಲ್ಲಿ ಕೊನೆಯದಾಗಿ ಯಾರು ಯಾವಾಗ ಕಂಡರು ಅಂತ ನೋಡಿ. ‘ಸಿಗಲಿಲ್ಲ, ಸಿಗಲಿಲ್ಲ, ಸಿಗಲಿಲ್ಲ’ ಅಂತ ಸಾಲಾಗಿ ಮೂರು ಸಲ ಬರೆದಿದ್ದರೆ ಅತ್ತ ಹೋಗಲೇಬೇಡಿ. ಮಕ್ಕಳನ್ನು ಕರೆದುಕೊಂಡು ಮೊದಲ ದಿನವೇ ಬರಿಗೈಯಲ್ಲಿ ಬರುವುದು ಬೇಡ.

ಯಂತ್ರ ಬೇಡ, ಫೋನ್ ಸಾಕು. ಆ್ಯಪ್ ಉಚಿತ. ಉಚಿತ ಖಾತೆಯಲ್ಲಿ ಸುಲಭದ ಡಬ್ಬಿಗಳು ಕಾಣುತ್ತವೆ, ಕೆಲವು ದುಡ್ಡು ಕೊಟ್ಟು ಸದಸ್ಯರಾದವರಿಗೆ ಮಾತ್ರ. ಸದ್ಯಕ್ಕೆ ಕೊಡಬೇಡಿ, ಇಷ್ಟ ಆದ ಮೇಲೆ ನೋಡಿಕೊಳ್ಳಿ. ಪ್ರತಿ ಡಬ್ಬಿಗೆ ಎರಡು ಅಂಕ ಕೊಟ್ಟಿರುತ್ತಾರೆ, ಹುಡುಕುವುದು ಎಷ್ಟು ಕಷ್ಟ ಅಂತ ಒಂದು, ಅಲ್ಲಿಗೆ ತಲುಪುವ ದಾರಿ ಎಷ್ಟು ಕಷ್ಟ ಅಂತ ಇನ್ನೊಂದು, ಎರಡೂ 1ರಿಂದ 5. ನಿಮ್ಮ ಮಗನಿಗೆ 1 ಅಥವಾ ಒಂದೂವರೆ ಇರುವುದು ಹಿಡಿಯಿರಿ. ಗಾತ್ರವನ್ನೂ ನೋಡಿ. ತುಂಬಾ ಚಿಕ್ಕದು ಅಂದರೆ ಬೆರಳ ತುದಿಯಷ್ಟು, ಅದರಲ್ಲಿ ಚೀಟಿ ಬಿಟ್ಟು ಇನ್ನೇನೂ ಹಿಡಿಸುವುದಿಲ್ಲ, ಮಕ್ಕಳಿಗೆ ನಿರಾಸೆ. ಸೋಪಿನ ಡಬ್ಬಿಯಷ್ಟಾದರೂ ಇದ್ದರೆ ಒಳಗೆ ಗುಂಡಿ, ಗೋಲಿ, ಕೀ ಚೈನು ಅಂತ ಏನಾದರೂ ಇರುತ್ತದೆ. ಒಂದು ತೆಗೆದುಕೊಂಡರೆ ಅಷ್ಟೇ ಬೆಲೆಯದ್ದು ಅಥವಾ ಜಾಸ್ತಿ ಬೆಲೆಯದ್ದು ಇಡಬೇಕು. ತಿನ್ನುವ ಪದಾರ್ಥ ಇಡಬಾರದು, ಇರುವೆ ಮೊದಲು ಬರುತ್ತದೆ.

ಬಾಣ ತೋರಿಸಿದ ಜಾಗದಲ್ಲೇ ಡಬ್ಬಿ ಇರುತ್ತದೆ ಅಂದುಕೊಳ್ಳಬೇಡಿ. ಬಯಲಲ್ಲಿ ಫೋನಿನ ಲೆಕ್ಕ ಮೂರರಿಂದ ಐದು ಮೀಟರ್ ಆಚೀಚೆ ಆಗುತ್ತದೆ, ದೊಡ್ಡ ಮರದ ಕೆಳಗೆ, ಎತ್ತರದ ಕಟ್ಟಡದ ಪಕ್ಕ ಇನ್ನೂ ಜಾಸ್ತಿ. ಹತ್ತಿರ ಹೋದ ಮೇಲೆ ಫೋನು ಜೇಬಿಗೆ ಹಾಕಿ, ಕಣ್ಣು ಬಿಟ್ಟು ನೋಡಿ. ಒಂದು ಕಲ್ಲು ಸುತ್ತಲಿನ ಕಲ್ಲಿನ ಹಾಗೆ ಇಲ್ಲ, ಒಂದಷ್ಟು ಕಡ್ಡಿ ತೀರಾ ನೀಟಾಗಿ ಜೋಡಿಸಿದೆ, ಅಂಥ ಕಡೆ. ಇದರಲ್ಲಿ ಚಿಕ್ಕ ಮಕ್ಕಳು ನಮಗಿಂತ ಚುರುಕು, ಅವರ ಕಣ್ಣು ನೆಲಕ್ಕೆ ಹತ್ತಿರ ಅಲ್ವಾ. ಅಗೆಯುವುದು ಮಾತ್ರ ಇಲ್ಲ. ಈ ಆಟದಲ್ಲಿ ಜಾಗದವರ ಒಪ್ಪಿಗೆ ಇಲ್ಲದೆ ನೆಲ ಅಗೆದು ಡಬ್ಬಿ ಇಡುವಂತಿಲ್ಲ, ನಿಯಮ. ನಿಮ್ಮ ಅತ್ತೆಗೆ ಇದನ್ನು ಮೊದಲು ಹೇಳಿ.

ಮಗಳಿಗೆ 11 ಅಂದಿರಲ್ಲ, ಅವಳಿಗೆ ಇದರ ಕಥೆ ಹೇಳಿ. 2000ನೇ ಇಸವಿ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಸಾಮಾನ್ಯರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು, ನೂರು ಮೀಟರ್‌ವರೆಗೂ ತಪ್ಪು ತೋರಿಸುತ್ತಿತ್ತು. ಮೇ 2ಕ್ಕೆ ಅದನ್ನು ನಿಲ್ಲಿಸಿದರು. ಮರುದಿನವೇ, ಮೇ 3ಕ್ಕೆ, ಒರೆಗಾನ್ ರಾಜ್ಯದಲ್ಲಿ ಡೇವ್ ಉಲ್ಮರ್ ಅನ್ನುವವರು ಕಾಡಂಚಿನಲ್ಲಿ ಒಂದು ಬಕೆಟ್ ಇಟ್ಟು ಅದರ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್‌ನಲ್ಲಿ ಹಾಕಿದರು. ಒಳಗೆ ಪುಸ್ತಕ, ಒಂದು ಕವಣೆ, ಒಂದು ಡಬ್ಬಿ ಬೀನ್ಸ್ ಇತ್ಯಾದಿ. ಈಗ ಜಗತ್ತಿನಲ್ಲಿ 30 ಲಕ್ಷಕ್ಕೂ ಜಾಸ್ತಿ ಡಬ್ಬಿಗಳಿವೆ. (ಆ ಬೀನ್ಸ್ ಡಬ್ಬಿಯೂ ಆಮೇಲೆ ಸಿಕ್ಕಿತಂತೆ, ಅದನ್ನು ದೇವರ ವಿಗ್ರಹದ ಹಾಗೆ ಕಾಪಾಡಿಕೊಂಡು ತಿರುಗಿಸುತ್ತಾರೆ. ಎಲ್ಲಾ ಊರಲ್ಲೂ ಭಕ್ತರಿರುತ್ತಾರೆ.)

ಇನ್ನೊಂದು. ಗುರುತನ್ನು ಡಿಗ್ರಿ, ನಿಮಿಷ ಅಂತ ಬರೆದಿರುತ್ತಾರೆ, ನಿಮಿಷಕ್ಕೆ ಮೂರು ದಶಮಾಂಶ. ಬೆಂಗಳೂರು ಉತ್ತರಕ್ಕೆ 12 ಡಿಗ್ರಿ ಚಿಲ್ಲರೆ, ಪೂರ್ವಕ್ಕೆ 77 ಚಿಲ್ಲರೆ. ಉತ್ತರದ ಆ ಕೊನೆಯ ಅಂಕಿ ಒಂದು ಹೆಚ್ಚಾದರೆ ನೆಲದ ಮೇಲೆ ಹೆಚ್ಚುಕಡಿಮೆ 1.85 ಮೀಟರ್. ಮಗಳಿಗೆ ಹೇಳಬೇಡಿ, ಹೆಜ್ಜೆ ಹಾಕಿಸಿ ಅವಳೇ ಕಂಡುಹಿಡಿಯಲಿ. ನನ್ನ ಅಣ್ಣನ ಮಗ ದಶಮಾಂಶ ಕಲಿತದ್ದೇ ಹೀಗೆ, ಟ್ಯೂಷನ್ನಿನಲ್ಲಿ ಅಲ್ಲ.

---

ರಿಯಲಿಸ್ಟ್_ರಂಗ:

2,300 ಉಳಿಸೋಕೆ ಪೊದೆಯೊಳಗೆ ಕೈ ಹಾಕಬೇಕಾ? ಪಾರ್ಕಿಗೆ ಹೋಗಿ ಚೆಂಡು ಆಡಿಸಿ ಸ್ವಾಮಿ.

---

ಗೇಟು_ನಂಬರ್_2:

ರಂಗ ಅವರು ತಮಾಷೆಗೆ ಹೇಳಿದರೂ ಪೊದೆಯ ವಿಷಯ ನಿಜ. ಎರಡು ವರ್ಷದ ಹಿಂದೆ ನಾವೂ ಜೋಶಿನಲ್ಲಿ ಶುರು ಮಾಡಿದ್ದೆವು. ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಪಾರ್ಕಿನಲ್ಲಿ ನಾನೇ ಒಂದು ಡಬ್ಬಿ ಇಟ್ಟೆ. ಸ್ಟೀಲಿನ ಊಟದ ಡಬ್ಬಿ, ಮಳೆ ನೀರು ಹೋಗಬಾರದು ಅಂತ ಸುತ್ತ ಕಪ್ಪು ಟೇಪು. ಈಗ ಬರೆಯುವಾಗ ನನಗೇ ನಗು ಬರುತ್ತದೆ. ಬೆಳಗ್ಗೆ ವಾಕಿಂಗಿಗೆ ಬಂದ ಹಿರಿಯರೊಬ್ಬರು ನೋಡಿ, ಗಾಬರಿಯಾಗಿ, ಸೆಕ್ಯೂರಿಟಿಗೆ ಹೇಳಿ, ಅವರು ಪೊಲೀಸರಿಗೆ ಹೇಳಿ, ಒಂದು ಗಂಟೆ ಪಾರ್ಕು ಬಂದ್. ಟೇಪು ಬಿಚ್ಚಿದರೆ ಒಳಗೆ ನನ್ನ ಮಗಳ ಎರಡು ಹೇರ್‌ಕ್ಲಿಪ್ಪು, ಒಂದು ಪೆನ್ಸಿಲ್. ಬಂದ ಪೊಲೀಸರು ಒಳ್ಳೆಯವರು, ಬೈದು ಬಿಟ್ಟರು. ಅಸೋಸಿಯೇಶನ್ ಮೀಟಿಂಗಿನಲ್ಲಿ ಇವತ್ತಿಗೂ ನನ್ನನ್ನು ‘ಡಬ್ಬಿ ಮೇಡಂ’ ಅನ್ನುತ್ತಾರೆ.

ಆದ್ದರಿಂದ ಹುಡುಕುವುದು ಬೇರೆ, ಇಡುವುದು ಬೇರೆ. ಇಡುವ ಆಸೆ ಇದ್ದರೆ ಆ ಜಾಗ ಯಾರದ್ದೋ ಅವರ ಒಪ್ಪಿಗೆ ಮೊದಲು ತೆಗೆದುಕೊಳ್ಳಿ. ಒಳಗಿರುವುದು ಹೊರಗೇ ಕಾಣುವ ಡಬ್ಬಿ ಇರಲಿ, ಮೇಲೆ ಕನ್ನಡದಲ್ಲಿ ‘ಇದು ಆಟದ ಡಬ್ಬಿ’ ಅಂತ ದಪ್ಪಗೆ ಬರೆಯಿರಿ. ಮೆಟ್ರೊ, ಸರ್ಕಾರಿ ಕಚೇರಿ, ಸೇನೆಯ ಜಾಗ, ಗುಡಿ, ಶಾಲೆ, ಇವುಗಳ ಹತ್ತಿರಕ್ಕೂ ಹೋಗಬೇಡಿ. ಆ್ಯಪಿನಲ್ಲಿ ಪ್ರಕಟ ಆಗಬೇಕಾದರೂ ಒಬ್ಬರು ಪರಿಶೀಲಿಸಿ ಒಪ್ಪಬೇಕು, ಎರಡು ಡಬ್ಬಿಗಳ ನಡುವೆ ಕಡಿಮೆ ಅಂದರೆ 161 ಮೀಟರ್ ಇರಬೇಕು. ನಾನು ಅದ್ಯಾವುದನ್ನೂ ಓದಿರಲಿಲ್ಲ.

ಹುಡುಕುವಾಗ ಬಿಲ, ಪೊಟರೆ, ಕಲ್ಲಿನ ಸಂದಿಗೆ ಬರಿಗೈ ಹಾಕಲೇಬೇಡಿ. ಒಂದು ಕೋಲು, ಒಂದು ಟಾರ್ಚು. ಮಳೆಗಾಲದಲ್ಲಿ ಕೆರೆ ಪಕ್ಕದ ಡಬ್ಬಿಗಳನ್ನು ಬಿಟ್ಟುಬಿಡಿ, ಹಾವಿಗೂ ಅದೇ ಜಾಗ ಇಷ್ಟ.

---

ಒಗಟು_ಅಮ್ಮ:

ನಮ್ಮ ಮನೆಯಲ್ಲಿ ಆ್ಯಪೇ ಇಲ್ಲ. ನಾವೇ ಆಟ ಕಟ್ಟುತ್ತೇವೆ. ಮೂರು ವರ್ಷದಿಂದ ತಿಂಗಳಿಗೊಮ್ಮೆ, ಹೆಚ್ಚಾಗಿ ಕಬ್ಬನ್ ಪಾರ್ಕಿನಲ್ಲಿ, ಕೆಲವೊಮ್ಮೆ ಬ್ಯೂಗಲ್ ರಾಕಿನಲ್ಲಿ. ಏಳು ವರ್ಷದವನಿಗೆ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಇಲ್ಲಿ ‘ಸಿಗಲಿಲ್ಲ’ ಅನ್ನುವುದೇ ಇಲ್ಲ.

ಐದು ಚೀಟಿ ಬರೆಯುತ್ತೇನೆ. ಪ್ರತಿ ಚೀಟಿಯಲ್ಲಿ ಒಂದು ಒಗಟು, ಅದರ ಉತ್ತರವೇ ಮುಂದಿನ ಜಾಗ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಅಂದರೆ ಮಲ್ಲಿಗೆ, ಆದ್ದರಿಂದ ಗೇಟಿನ ಹತ್ತಿರ ಹೂ ಮಾರುವ ಅಕ್ಕನ ಬಳಿ ಓಡಬೇಕು. ಕೆಲವು ನಾನೇ ಕಟ್ಟಿದ್ದು, ಅಷ್ಟೇನೂ ಚೆನ್ನಾಗಿಲ್ಲ. ‘ಮೈಯೆಲ್ಲ ಹಸಿರು, ಹೊಟ್ಟೆಯೊಳಗೆ ಕೆರೆ, ತಲೆ ಕಡಿದರೂ ಶಾಪ ಹಾಕದ ದೊರೆ’ ಅಂದರೆ ಎಳನೀರು. ಮಕ್ಕಳು ಬಿಡಿಸಿದ ಮೇಲೆ ‘ಅಮ್ಮಾ, ದೊರೆ ಅಂತ ಪ್ರಾಸಕ್ಕೆ ಹಾಕಿದ್ದೀಯ’ ಅಂತ ಬೈದರು. ಅದೂ ಸಂತೋಷವೇ.

ಮೊದಮೊದಲು ಚೀಟಿಯನ್ನು ಬೆಂಚಿನ ಕೆಳಗೆ, ಮರದ ಬುಡದಲ್ಲಿ ಇಡುತ್ತಿದ್ದೆ. ಒಂದು ಸಲ ಮಕ್ಕಳು ಮೂರನೇ ಜಾಗಕ್ಕೆ ಬರುವಷ್ಟರಲ್ಲಿ ಪಾರ್ಕು ಗುಡಿಸುವ ಅಕ್ಕ ಅದನ್ನು ಗುಡಿಸಿ ಚೀಲಕ್ಕೆ ಹಾಕಿಬಿಟ್ಟಿದ್ದರು. ತಪ್ಪು ನನ್ನದೇ, ಕಸ ಹಾಕಿದ್ದು ನಾನು ತಾನೇ. ಕ್ಷಮೆ ಕೇಳಿ ವಿಷಯ ಹೇಳಿದೆ. ಅವರು ನಗುತ್ತಾ, ‘ನನ್ ಕೈಗೇ ಕೊಡಬಾರದಿತ್ತಾ’ ಅಂದರು. ಆವತ್ತಿನಿಂದ ಚೀಟಿ ನೆಲದ ಮೇಲೆ ಇಡುವುದೇ ಇಲ್ಲ, ಜನರ ಕೈಗೆ ಕೊಡುತ್ತೇನೆ. ಎಳನೀರಿನವರು, ಹೂವಿನವರು, ಗೇಟಿನವರು, ಆ ಅಕ್ಕ. ಮಕ್ಕಳು ಹೋಗಿ ಒಗಟಿನ ಉತ್ತರ ಹೇಳಿದರೆ ಮಾತ್ರ ಕೊಡಬೇಕು ಅಂತ ಕರಾರು. ಎಳನೀರಿನವರು ನಮ್ಮೆಲ್ಲರಿಗಿಂತ ಕಟ್ಟುನಿಟ್ಟು. ನನ್ನ ಕಿರಿಯವನು ‘ತೆಂಗಿನಕಾಯಿ’ ಅಂದದ್ದಕ್ಕೆ ಐದು ನಿಮಿಷ ನಿಲ್ಲಿಸಿದ್ದರು. ಮನೆಯಲ್ಲಿ ಬಂದವರ ಮುಂದೆ ಬಾಯಿ ಬಿಡದ ಹುಡುಗ ಈಗ ಪಾರ್ಕಿನಲ್ಲಿ ಎಲ್ಲರ ಹತ್ತಿರ ಮಾತಾಡುತ್ತಾನೆ.

ಖರ್ಚು? ಒಂದು ಕಾಗದ, ಕೊನೆಗೆ ಸಿಗುವ ಡಬ್ಬಿಯಲ್ಲಿ ಮನೆಯ ಕೊಬ್ಬರಿ ಮಿಠಾಯಿ. ಎಳನೀರಿನವರ ಹತ್ತಿರ ಕೆಲಸ ಮಾಡಿಸಿಕೊಂಡು ಎಳನೀರು ಕುಡಿಯದೆ ಬರುವುದು ಸರಿಯಲ್ಲ, ಅದೊಂದು. ಕಬ್ಬನ್ ಪಾರ್ಕಿಗೆ ಟಿಕೆಟ್ ಇಲ್ಲ. ನಾನು, ಮಗಳು ಬಸ್ಸಿನಲ್ಲಿ ಉಚಿತ, ಮಗನಿಗೆ ಮಾತ್ರ ಟಿಕೆಟು.

---

ಶಾಸನ_ಸುತ್ತಾಟ:

ಅತ್ತೆಯವರು ಎದ್ದು ಹೋದದ್ದು ಓದಿ ಬರೆಯಬೇಕು ಅನ್ನಿಸಿತು. ಅವರ ಭಯ ಸುಳ್ಳಲ್ಲ. ನಿಧಿ ಇದೆ ಅಂತ ಎಷ್ಟೋ ಹಳ್ಳಿಗಳಲ್ಲಿ ವೀರಗಲ್ಲು ಒಡೆದಿದ್ದಾರೆ, ಗರ್ಭಗುಡಿ ಅಗೆದಿದ್ದಾರೆ. ಕಾನೂನೂ ಇದೆ, 1878ರದ್ದು, ನೆಲದೊಳಗೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಒಡೆದವರಿಗೆ ಒಳಗೆ ಏನೂ ಸಿಕ್ಕಿರುವುದಿಲ್ಲ, ನಿಧಿ ಅಂದರೆ ಆ ಕಲ್ಲೇ ಆಗಿತ್ತು.

ನಮ್ಮ ಆಟ ಆ ಕಲ್ಲುಗಳನ್ನು ಹುಡುಕುವುದು. ಬೆಂಗಳೂರಿನ ಉದ್ದಗಲಕ್ಕೂ ಶಾಸನಗಳಿವೆ, ಕೆಲವು ಗುಡಿಯಲ್ಲಿ, ಕೆಲವು ಚರಂಡಿ ಪಕ್ಕ, ಕೆಲವು ಯಾರದೋ ಮನೆಯ ಬಟ್ಟೆ ಒಗೆಯುವ ಕಲ್ಲಾಗಿ. ಹುಡುಕಲು ನಕ್ಷೆ 1905ರಲ್ಲೇ ಸಿದ್ಧವಾಗಿದೆ. ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಪುಸ್ತಕಮಾಲೆಯ 9ನೇ ಸಂಪುಟ ಬೆಂಗಳೂರು ಜಿಲ್ಲೆಯದ್ದು, ತಾಲ್ಲೂಕು, ಹಳ್ಳಿ, ಯಾವ ಗುಡಿಯ ಯಾವ ಕಡೆ ಅಂತ ಬರೆದಿದೆ. ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಆ ಹಳ್ಳಿ ಈಗ ಲೇಔಟು ಆಗಿರುತ್ತದೆ, ‘ಕೆರೆಯ ದಂಡೆಯ ಮೇಲೆ’ ಅಂತ ಬರೆದ ಕಡೆ ಬಸ್ ಸ್ಟ್ಯಾಂಡ್ ಇರುತ್ತದೆ. ಅಲ್ಲಿಂದ ಹುಡುಕಾಟ ಶುರು. ಹಳೆಯ ಮನೆಯ ಅಜ್ಜಿಯೊಬ್ಬರನ್ನು ಹಿಡಿದು ‘ಇಲ್ಲಿ ಅಕ್ಷರ ಇರೋ ಕಲ್ಲು ಇತ್ತಾ’ ಅಂತ ಕೇಳಬೇಕು, ಯಾವ ಆ್ಯಪೂ ಅದನ್ನು ಹೇಳುವುದಿಲ್ಲ.

ಮಕ್ಕಳಿಗೆ ಮೊದಲು ಸುಲಭದವು. ಬೇಗೂರಿನ ಪಂಚಲಿಂಗೇಶ್ವರ ಗುಡಿಯಲ್ಲಿ ಸುಮಾರು ಕ್ರಿ.ಶ. 890ರ ಶಾಸನ ಇದೆ, ಅದರಲ್ಲಿ ‘ಬೆಂಗಳೂರು’ ಕಾಳಗ ಅಂತ ಬರುತ್ತದೆ. ಬೆಂದ ಕಾಳಿನ ಅಜ್ಜಿ ಕಥೆ ಹೇಳುವ ಎಲ್ಲರಿಗೂ ಒಮ್ಮೆ ತೋರಿಸಬೇಕು. ಹೆಬ್ಬಾಳದಲ್ಲಿ ಕಿತ್ತಯ್ಯನ ವೀರಗಲ್ಲು, ಸುಮಾರು 750ರದ್ದು, 2018ರಲ್ಲಿ ಬೆಳಕಿಗೆ ಬಂತು. ಮಲ್ಲೇಶ್ವರದ ಕಾಡು ಮಲ್ಲೇಶ್ವರ ಗುಡಿಯಲ್ಲಿ 1669ರ ಮರಾಠರ ಕಾಲದ ಶಾಸನ. ಕಲ್ಲಿನ ಮೇಲೆ ಸೀಮೆಸುಣ್ಣ, ನೀರು, ಎಣ್ಣೆ ಏನೂ ಹಚ್ಚಬೇಡಿ. ಸಂಜೆಯ ಓರೆ ಬಿಸಿಲಿನಲ್ಲಿ ಹೋಗಿ, ಇಲ್ಲವೇ ಪಕ್ಕದಿಂದ ಟಾರ್ಚು ಹಿಡಿಯಿರಿ, ಸವೆದ ಅಕ್ಷರ ತಾನಾಗಿ ಎದ್ದು ನಿಲ್ಲುತ್ತದೆ. ಮೊದಲ ಸಲ ಒಂದು ‘ರ’ ಗುರುತು ಸಿಕ್ಕಿತು ಅಂತ ನನ್ನ ಮಗ ಕೂಗಿದ್ದಕ್ಕೆ ಗುಡಿಯಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದವರೆಲ್ಲ ನಿಂತು ನೋಡಿದರು.

ಅದೂ ಜಾಸ್ತಿ ಅನ್ನಿಸಿದರೆ ಕೆಂಪೇಗೌಡರ ನಾಲ್ಕು ಗೋಪುರ ಹುಡುಕಿ. ಲಾಲ್‌ಬಾಗ್ ಬಂಡೆ, ಮೇಖ್ರಿ ಸರ್ಕಲ್, ಹಲಸೂರು ಕೆರೆ ಪಕ್ಕ, ಕೆಂಪಾಂಬುಧಿ ಕೆರೆ ಪಕ್ಕ. ಊರು ಇಲ್ಲಿಯವರೆಗೆ ಬೆಳೆಯುತ್ತದೆ ಅಂತ ಇಟ್ಟ ಗುರುತು ಅಂತ ಹೇಳುತ್ತಾರೆ. ಹಲಸೂರಿನದು ಸೇನೆಯ ಪ್ರದೇಶಕ್ಕೆ ಅಂಟಿಕೊಂಡಿದೆ, ಫೋಟೋ ತೆಗೆಯುವ ಮೊದಲು ಕೇಳಿ. ಒಂದೇ ದಿನದಲ್ಲಿ ನಾಲ್ಕೂ ಆಗುತ್ತದೆ, ಟ್ರಾಫಿಕ್ ಕೃಪೆ ಇದ್ದರೆ.

---

ಇಬ್ಬರ_ಅಪ್ಪ_ವಿಜಯನಗರ:

ಎಲ್ಲರಿಗೂ ಥ್ಯಾಂಕ್ಸ್. ಮೂರು ಭಾನುವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಮೊದಲ ಭಾನುವಾರ ಆ್ಯಪ್. ಡಬ್ಬಿ_ಬೇಟೆ ಅವರು ಅಷ್ಟು ಹೇಳಿದರೂ ನಾನು ಹಳೆಯ ಬರಹ ನೋಡದೆ ಹತ್ತಿರ ಇದೆ ಅಂತ ಒಂದನ್ನು ಹಿಡಿದೆ. ಬಾಣ ನೇರ ರಸ್ತೆ ನಡುವೆ ತೋರಿಸಿತು. ನಲವತ್ತು ನಿಮಿಷ ಫುಟ್‌ಪಾತಿನ ಎಲ್ಲ ಕಲ್ಲು ಎತ್ತಿ ನೋಡಿದೆವು. ಪಕ್ಕದ ಅಂಗಡಿಯವರು ಬಂದು ‘ಏನ್ ಸಾರ್, ಕೀ ಬಿದ್ದೋಯ್ತಾ’ ಅಂದರು, ಮಗ ‘ಇಲ್ಲ ಅಂಕಲ್, ನಿಧಿ’ ಅಂದ. ಆಮೇಲೆ ಅವರೂ ನಮ್ಮ ಜೊತೆ ಹುಡುಕಿದರು. ಸಿಗಲಿಲ್ಲ. ಎರಡನೆಯದು ಸಿಕ್ಕಿತು. ಎಲ್ಲಿ ಅಂತ ಹೇಳಿದರೆ ಮುಂದೆ ಹೋಗುವವರ ಆಟ ಕೆಡುತ್ತದೆ, ಆದ್ದರಿಂದ ಹೇಳುವುದಿಲ್ಲ. ಒಳಗೆ ಚೀಟಿ ಅರ್ಧ ಒದ್ದೆ, ಒಂದು ನೀಲಿ ಗುಂಡಿ, ಯಾವುದೋ ದೇಶದ ನಾಣ್ಯ. ಮಗ ನಾಣ್ಯ ಬಿಟ್ಟು ಗುಂಡಿ ತೆಗೆದುಕೊಂಡ, ತನ್ನ ಗೋಲಿ ಇಟ್ಟ. ಆ ಗೋಲಿ ಇನ್ನೂ ಅಲ್ಲೇ ಇದೆಯಾ ಅಂತ ದಿನಾ ಕೇಳುತ್ತಾನೆ.

ಎರಡನೇ ವಾರ ಒಗಟು. ಲಾಲ್‌ಬಾಗಿನಲ್ಲಿ ಮಾಡಿದೆವು. ಚೀಟಿ ಎಲ್ಲೂ ಇಡಲಿಲ್ಲ, ಒಂದೊಂದಾಗಿ ನಾನೇ ಕೊಟ್ಟೆ. ಕೊನೆಯದು ‘ಈ ಊರಿನ ಎಲ್ಲರಿಗಿಂತ ಹಿರಿಯ, ಒಂದು ದಿನವೂ ಎದ್ದು ನಡೆದಿಲ್ಲ’ ಅಂತ. ಮಗ ತಕ್ಷಣ ‘ಅಜ್ಜಿ’ ಅಂದ, ಅತ್ತೆಗೆ ಮಂಡಿನೋವು, ಪಾಪ. ಮಗಳು ಯೋಚಿಸಿ ಬಂಡೆಯ ಕಡೆ ಓಡಿದಳು. ಬಂಡೆಯ ಹತ್ತಿರ ಭೂವಿಜ್ಞಾನ ಇಲಾಖೆಯವರ ಫಲಕ ಇದೆ, ಸುಮಾರು 300 ಕೋಟಿ ವರ್ಷದ ಕಲ್ಲು. ಎಷ್ಟು ಸಲ ಅದರ ಮೇಲೆ ಕೂತು ಕಡಲೆಕಾಯಿ ತಿಂದಿದ್ದೇನೆ, ಫಲಕ ಓದಿದ್ದು ಇದೇ ಮೊದಲು.

ಮೂರನೇ ವಾರ ಮಳೆ. ಮಾಲಿಗೆ ಹೋದೆವು. ಸುಳ್ಳು ಯಾಕೆ ಹೇಳಲಿ.

ಖರ್ಚಿನ ಲೆಕ್ಕ ಕೇಳಿದ್ದು ನಾನೇ, ಅದನ್ನೂ ಹೇಳುತ್ತೇನೆ. ಮೊದಲ ವಾರ ಬಸ್ಸು, ಮಸಾಲೆ ದೋಸೆ, ಕಾಫಿ ಸೇರಿ 340. ಎರಡನೇ ವಾರ ಲಾಲ್‌ಬಾಗ್ ಟಿಕೆಟೂ ಸೇರಿ ಐನೂರು ದಾಟಲಿಲ್ಲ. ಮೂರನೇ ವಾರ ಬೇಡ ಬಿಡಿ.

ಈಗ ಹೊಸ ತೊಂದರೆ. ಬೇಗೂರು ಶಾಸನದ ವಿಷಯ ಅತ್ತೆಗೆ ಓದಿ ಹೇಳಿದೆ. ‘ಗುಡಿ ಅಂದ್ರೆ ನಾನೂ ಬರ್ತೀನಿ’ ಅಂತ ಸೀರೆ ತೆಗೆದಿಟ್ಟಿದ್ದಾರೆ. ಮಂಡಿನೋವಿನವರನ್ನು ವಿಜಯನಗರದಿಂದ ಬೇಗೂರಿಗೆ ಜಾಸ್ತಿ ನಡೆಸದೆ ಕರೆದುಕೊಂಡು ಹೋಗುವುದು ಹೇಗೆ?

---

ಶಾಸನ_ಸುತ್ತಾಟ:

ವಿಜಯನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ, ಆರ್.ವಿ. ರೋಡಿನಲ್ಲಿ ಹಳದಿ ಲೈನು. ಹೊಂಗಸಂದ್ರದಲ್ಲಿ ಇಳಿದು ಆಟೊ ಮಾಡಿ. ಎರಡು ಕಡೆ ಬದಲಾಯಿಸುವಾಗಲೂ ಲಿಫ್ಟ್ ಇದೆ, ಮೆಟ್ಟಿಲು ಹತ್ತಿಸಬೇಡಿ. ಮಧ್ಯಾಹ್ನ ಗುಡಿ ಮುಚ್ಚಿರಬಹುದು, ಬೆಳಗ್ಗೆ ಬೇಗ ಹೊರಡಿ. ಟಾರ್ಚು ಮರೆಯಬೇಡಿ.

---

ರಿಯಲಿಸ್ಟ್_ರಂಗ:

ಯಾವ ಭಾನುವಾರ ಹೋಗುತ್ತಿದ್ದೀರಿ ಹೇಳಿ. ನಮ್ಮ ಮನೆ ಬೊಮ್ಮನಹಳ್ಳಿ. ನನ್ನ ಮಗಳು ಇದನ್ನೆಲ್ಲಾ ಓದಿಬಿಟ್ಟಿದ್ದಾಳೆ.